ತಾಳಿ ಕಟ್ಟಿದ ಮೇಲೆ ಹತ್ತುವ ಪ್ರೀತಿ

ಇಂಗ್ಲೆಂಡಿನ ಪ್ರಭುಗಳ ಪ್ರೇಮಕತೆ ಮದುವೆಯ ಹೊತ್ತಿಗೆ ಮುಗಿಯುತ್ತದೆ. ಕನ್ನಡದ ಅರಮನೆ ಕಾದಂಬರಿಗೆ ಅಲ್ಲಿಂದಲೇ ರಂಗೇರುತ್ತದೆ. ಶಿವಗಂಗೆಯ ಶಾಂತಲೆಯಿಂದ ಹಿಡಿದು, ಗುಬ್ಬಿ ಕಂಪನಿಯ ನಾಟಕಕಾರ ಬರೆದ ಜಮೀನ್ದಾರರ ಸೊಸೆಯವರೆಗೆ ಬುದ್ಧಿಯಿಂದಲೇ ಗೆದ್ದ ನಾಯಕಿಯರ ಜಾಡು ತುಮಕೂರು ಸೀಮೆಯ ಸುತ್ತಲೇ ಸಿಗುತ್ತದೆ.

ಹಲಸಿನ ಕಾಲದಲ್ಲಿ ಗುಬ್ಬಿ ತಾಲ್ಲೂಕಿನ ಚೇಳೂರಿನ ಮಾರುಕಟ್ಟೆ ನೋಡಬೇಕು. ಆಟೊ, ಟ್ರ್ಯಾಕ್ಟರುಗಳಿಂದ ಇಳಿದ ಹಣ್ಣಿನ ರಾಶಿ. ರಾಶಿಯ ನಡುವೆ ದಾರಿ ಮಾಡಿಕೊಂಡು ಓಡಾಡುವ ವ್ಯಾಪಾರಿಗಳು. ಬೆರಳ ಗೆಣ್ಣಿನಿಂದ ತಟ್ಟಿ, ಸದ್ದಿನಲ್ಲೇ ಒಳಗಿನ ಹದ ಹೇಳುವ ಹಿರಿಯರು. ಕೈಗೆ ಎಣ್ಣೆ ಸವರಿಕೊಂಡವರು ಮಾದರಿಗೆಂದು ಒಂದನ್ನು ಕೊಯ್ದರೆ ಬಿಳಿ ಮೇಣದ ಹಿಂದೆ ತೊಳೆ ಹೊಳೆಯುತ್ತದೆ. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಹೆಸರಾದದ್ದು ಇದೇ ಊರಿನ ತೋಟವೊಂದರಿಂದ.

ಮಧ್ಯಾಹ್ನಕ್ಕೆ ಗದ್ದಲ ಇಳಿಯುತ್ತದೆ. ಬೇಸಿಗೆ ರಜೆಯ ಆ ಹೊತ್ತು ನಮ್ಮ ಊರುಗಳಲ್ಲಿ ಕಾದಂಬರಿಯದ್ದು. ಲೈಬ್ರರಿಯಿಂದ ತಂದ, ರಟ್ಟು ಕಿತ್ತುಹೋದ, ಕೊನೆಯ ಪುಟ ಇದೆಯೇ ಎಂದು ಮೊದಲೇ ನೋಡಿಕೊಂಡು ಬರೆಸಬೇಕಾದ ದಪ್ಪ ಪುಸ್ತಕ. ಒಳಗೆ ಒಂದು ಕೋಟೆ, ಒಬ್ಬ ಅರಸ, ಅರಸನಿಗಿಂತ ಒಂದು ಕೈ ಮೇಲಾದ ಹೆಣ್ಣು. ಹಲಸು ಬಿಡಿಸುವವರಂತೆ ಅದರ ಓದುಗರೂ ಅವಸರ ಮಾಡುವಂತಿಲ್ಲ. ಮುಳ್ಳು, ಮೇಣ ದಾಟಿಯೇ ಸಿಹಿಗೆ ತಲುಪಬೇಕು.

ಈಗ ಅದೇ ರುಚಿ ಇನ್ನೊಂದು ದಾರಿಯಿಂದ ಬಂದಿದೆ. 2020ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ‘ಬ್ರಿಡ್ಜರ್ಟನ್’ ಸರಣಿಯನ್ನು ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ನೋಡುತ್ತಾರೆ. ಜೂಲಿಯಾ ಕ್ವಿನ್ ಕಾದಂಬರಿಗಳನ್ನು ಆಧರಿಸಿದ ಆ ಕತೆಗಳಲ್ಲಿ ಡ್ಯೂಕ್‌ಗಳು, ವೈಕೌಂಟ್‌ಗಳು, ಎದುರುತ್ತರ ಕೊಡುವ ಜಾಣೆಯರು. ಪ್ರೀತಿ ಅಲ್ಲಿ ಮಾತಿನ ಚಕಮಕಿಯಿಂದ ಹುಟ್ಟಿ ನಿಧಾನಕ್ಕೆ ಕಾವೇರುತ್ತದೆ. ಈ ಪರಂಪರೆಯ ಹಿರಿಯಕ್ಕ ಜೇನ್ ಆಸ್ಟೆನ್ ಹುಟ್ಟಿ 2025ರ ಡಿಸೆಂಬರ್ 16ಕ್ಕೆ 250 ವರ್ಷ ತುಂಬಿತು. ಆಕೆಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯ ಎಲಿಜಬೆತ್ ಬೆನೆಟ್, ಶ್ರೀಮಂತ ಡಾರ್ಸಿಯನ್ನು ಒಪ್ಪುವ ಮೊದಲು ಒಮ್ಮೆ ಖಡಾಖಂಡಿತವಾಗಿ ನಿರಾಕರಿಸುತ್ತಾಳೆ. ಮುಂದೆ ಜಾರ್ಜೆಟ್ ಹೇಯರ್ (1902–1974) ಅದೇ ಕಾಲದ ಲಂಡನ್ನನ್ನು ಹತ್ತಾರು ಕಾದಂಬರಿಗಳಲ್ಲಿ ಮತ್ತೆ ಕಟ್ಟಿ, ‘ರೀಜೆನ್ಸಿ ರೊಮಾನ್ಸ್’ ಎಂಬ ಪ್ರಕಾರವನ್ನೇ ನೆಲೆಗೊಳಿಸಿದರು.

ಇಂಥದ್ದು ಕನ್ನಡದಲ್ಲಿ ಇದೆಯೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಇದೆ. ಆದರೆ ನಮ್ಮ ಕತೆಯ ನಡೆ ಬೇರೆ. ಅಲ್ಲಿ ಪ್ರೀತಿ ಹಣ್ಣಾದ ಮೇಲೆ ಮದುವೆ, ಮದುವೆಯಾದ ಮೇಲೆ ಕತೆ ಮುಕ್ತಾಯ. ಇಲ್ಲಿ ಮದುವೆ ನಡುವಿನ ಒಂದು ತಿರುವು. ಗಂಡ, ಸಿಂಹಾಸನ, ಸವತಿ, ಅತ್ತೆ, ದಂಡನಾಯಕ, ಮಂತ್ರಿ ಇಷ್ಟೂ ಜನರ ನಡುವೆ ಹೆಣ್ಣು ತನ್ನ ಬುದ್ಧಿಯಿಂದ ಜಾಗ ಮಾಡಿಕೊಳ್ಳುತ್ತ ಹೋದಂತೆ, ಪ್ರೀತಿಯೂ ಅಷ್ಟಷ್ಟೇ ಬೆಳೆಯುತ್ತದೆ. ಇದನ್ನು ಕನ್ನಡ ಕಾದಂಬರಿಯ ಕೊರತೆ ಎನ್ನಬೇಕಿಲ್ಲ. ಅದರ ನಿಜವಾದ ಬಲವೇ ಇದು.

ಬೆಟ್ಟದ ತುದಿಯ ಕತೆ, ಕಲ್ಲಿನ ಮೇಲಿನ ಮಾತು

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟವರಿಗೆ ಡಾಬಸ್‌ಪೇಟೆಯ ಹತ್ತಿರ ಶಿವಗಂಗೆ ಬೆಟ್ಟ ಎದುರಾಗುತ್ತದೆ. ಹತ್ತಿದವರಿಗೆ ಮೇಲೊಂದು ಕಡಿದಾದ ಜಾಗ ತೋರಿಸುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದಲೇ ಕೆಳಗೆ ಹಾರಿದಳು ಎಂಬುದು ಜನರ ಬಾಯಲ್ಲಿರುವ ಕತೆ. ಆ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ರಾಣಿಯ ಬಗ್ಗೆ ತಿಳಿದಿರುವುದು ಬಹುಪಾಲು ಅಷ್ಟೇ.

ಶ್ರವಣಬೆಳಗೊಳದ ಶಾಸನ ಹೇಳುವುದು ಅದಕ್ಕಿಂತ ಸಂಯಮದ ಮಾತು. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಹಾರಿದ ಮಾತು ಅಲ್ಲಿಲ್ಲ.

ಶಾಸನಗಳಿಗೆ ಆಕೆಯ ಸಾವಿಗಿಂತ ಬುದ್ಧಿಯ ಮೇಲೆ ಹೆಚ್ಚು ಒಲವು. ‘ವಿವೇಕೈಕ ಬೃಹಸ್ಪತಿ’, ‘ಪ್ರತ್ಯುತ್ಪನ್ನ ವಾಚಸ್ಪತಿ’ ಎಂದು ಅವು ಆಕೆಯನ್ನು ಹೊಗಳುತ್ತವೆ. ವಿವೇಕದಲ್ಲಿ ದೇವಗುರುವಿಗೆ ಸಮ, ಹೊತ್ತಿಗೆ ಹೊಳೆಯುವ ಉತ್ತರದಲ್ಲೂ ಅವನೇ. ಹಾಡು, ಕುಣಿತ, ವಾದ್ಯಗಳಲ್ಲಿ ಆಕೆಯ ಪರಿಣತಿಯನ್ನೂ ಕೊಂಡಾಡುತ್ತವೆ. 1123ರಲ್ಲಿ ಆಕೆ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರು ‘ಸವತಿಗಂಧವಾರಣ’. ಸವತಿಯರೆಂಬ ಆನೆಗಳ ನಡುವೆ ತಾನು ಮದಗಜ ಎಂದು ಕಲ್ಲಿನಲ್ಲಿ ಕೆತ್ತಿಸಿಕೊಂಡ ಹೆಣ್ಣು ಆಕೆ. ಇಷ್ಟು ಗಟ್ಟಿ ಪಾತ್ರವನ್ನು ಯಾವ ಕಾದಂಬರಿಕಾರ ತಾನೇ ಬಿಟ್ಟಾನು?

ಮೊದಲು ಬಿಡದವರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತ, ಹುಡುಗರಿಗೆ ಮೈ ಹುರಿಗೊಳಿಸುವುದನ್ನು ಕಲಿಸುತ್ತಿದ್ದ ಅವರು ‘ಶಾಂತಲಾ’ ಬರೆದರು. ಭಾವುಕವಾದ, ತ್ಯಾಗವೇ ಜೀವಾಳವಾದ ಆ ಕೃತಿ ಒಂದಿಡೀ ತಲೆಮಾರನ್ನು ಅಳಿಸಿತು. ಶಿವಗಂಗೆಯ ಕತೆ ಮನೆಮನೆಗೆ ತಲುಪಿದ್ದರಲ್ಲಿ ಅದರ ಪಾಲು ದೊಡ್ಡದು.

ಅದಕ್ಕೆ ಉತ್ತರದಂತೆ 1978ರಲ್ಲಿ ಬಂದದ್ದು ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’. ನಾಗರಾಜರಾವ್ ಶಾಸನಗಳನ್ನು ಮುಂದಿಟ್ಟುಕೊಂಡು ಕೂತವರು. ಮಕ್ಕಳಿಲ್ಲದ ಕೊರಗಿನಿಂದ ರಾಣಿ ಜೀವ ಬಿಟ್ಟಳೆಂಬ ಮಾತನ್ನು ಅವರು ಒಪ್ಪಲಿಲ್ಲ. ಬಳ್ಳಿಗಾವೆಯ ಹೆಗ್ಗಡೆ ಮಾರಸಿಂಗಯ್ಯನ ಮಗಳು ಗುರು ಬೋಕಿಮಯ್ಯನ ಬಳಿ ಕಲಿಯುವ ಪುಟ್ಟ ಹುಡುಗಿಯಾಗಿ ಬರುತ್ತಾಳೆ. ಮುಂದೆ ವಿಷ್ಣುವರ್ಧನನಾಗುವ ರಾಜಕುಮಾರ ಬಿಟ್ಟಿದೇವನಿಗೆ ಮೊದಲು ಅವಳ ಪ್ರಶ್ನೆಗಳು ಇಷ್ಟವಾಗುತ್ತವೆ, ಆಮೇಲೆ ಅವಳ ಉತ್ತರಗಳು. ಅವರಿಬ್ಬರ ನಂಟು ಪಾಠ, ಚರ್ಚೆ, ಯುದ್ಧ, ಮತಭೇದ, ದೇಗುಲದ ಕೆಲಸಗಳನ್ನು ಹಾದು ಸಂಪುಟದಿಂದ ಸಂಪುಟಕ್ಕೆ ಬಲಿಯುತ್ತದೆ. ಗಂಡ ವೈಷ್ಣವ ಗುರುವಿಗೆ ಒಲಿದಾಗ ಹೆಂಡತಿ ಜೈನಳಾಗಿಯೇ ಉಳಿಯುತ್ತಾಳೆ. ಆ ಭಿನ್ನತೆಯನ್ನು ಹೊತ್ತೂ ಒಲವು ಮುರಿಯದಂತೆ ನಡೆಸುವುದರಲ್ಲೇ ಕಾದಂಬರಿಯ ದೊಡ್ಡ ಬಿಗಿ ಇದೆ.

ಜೇನ್ ಆಸ್ಟೆನ್ ಓದಿದವರಿಗೆ ಇಲ್ಲೊಂದು ಗುರುತಿನ ಮುಖವೂ ಸಿಗುತ್ತದೆ. ದಂಡನಾಯಕ ಮರಿಯಾನೆಯ ಹೆಂಡತಿ ಚಾಮವ್ವೆ ತನ್ನ ಹೆಣ್ಣುಮಕ್ಕಳನ್ನು ಅರಮನೆಗೆ ಸೇರಿಸಲು ಹೂಡುವ ತಂತ್ರಗಳು, ಹೆಗ್ಗಡೆಯ ಮಗಳ ಮೇಲೆ ಅವಳ ಅಸೂಯೆ ಇವುಗಳನ್ನು ಓದುವಾಗ, ಐವರು ಹೆಣ್ಣುಮಕ್ಕಳಿಗೆ ಗಂಡು ಹುಡುಕುವ ಮಿಸೆಸ್ ಬೆನೆಟ್ ನೆನಪಾಗದೆ ಇರುವುದಿಲ್ಲ. ಚಾಮವ್ವೆ ಕೇವಲ ಕಲ್ಪನೆಯಲ್ಲ, ಶಾಸನದಲ್ಲೂ ಇದ್ದಾಳೆ.

ಭಾರತೀಯ ಜ್ಞಾನಪೀಠ ಸಂಸ್ಥೆಯ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಮೊಟ್ಟಮೊದಲು ಸಂದದ್ದು ಈ ಕೃತಿಗೆ. ಹಿಂದಿಗೂ ಅದು ನಾಲ್ಕು ಭಾಗಗಳಲ್ಲಿ ಹೋಯಿತು. ಅಯ್ಯರ್ ಅವರ ಶಾಂತಲೆ ಕಣ್ಣೀರು ತರಿಸುತ್ತಾಳೆ, ನಿಜ. ಆದರೆ ಜೊತೆಗೆ ಕೂತು ಮಾತಾಡಬೇಕೆನ್ನಿಸುವುದು ನಾಗರಾಜರಾವ್ ಅವರ ಶಾಂತಲೆಯ ಬಳಿ.

▣ ಒಂದೇ ಚಪ್ಪರ, ಮೂವರು ವಧುಗಳು
ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳು ಪದ್ಮಲ, ಚಾಮಲ, ಬೊಪ್ಪದೇವಿ. ವಿಷ್ಣುವರ್ಧನನ ಅಣ್ಣ ಒಂದನೇ ಬಲ್ಲಾಳ 1103ರಲ್ಲಿ ಒಂದೇ ಚಪ್ಪರದಡಿ ಈ ಮೂವರನ್ನೂ ಮದುವೆಯಾದ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ, ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಶಾಂತಲೆ. ಆ ಗುಡಿಯ ಕಪ್ಪೆಯ ಐತಿಹ್ಯದಲ್ಲಿ ಬರುವ ಶಿಲ್ಪಿ ಜಕಣಾಚಾರಿಯ ಊರೆಂದು ಜನ ಹೇಳುವ ಕೈದಾಳ ಇರುವುದು ತುಮಕೂರಿನ ಪಕ್ಕದಲ್ಲೇ.

ಗುಬ್ಬಿಯ ರಂಗಮಂಚದಿಂದ ಬಂದ ಸೊಸೆ

ಚೇಳೂರಿನವರಿಗೆ ಗುಬ್ಬಿ ಎಂದರೆ ತಾಲ್ಲೂಕು ಕಚೇರಿಯ ಊರು. ಕನ್ನಡ ನಾಡಿಗೆ ಗುಬ್ಬಿ ಎಂದರೆ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು, ಅಲ್ಲಿಗೆ ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ (1891–1972) ದೇಶವೇ ತಿರುಗಿ ನೋಡುವಂತೆ ಬೆಳೆಸಿದರು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು.

ಆ ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯ (1897–1984). ಪತ್ರಕರ್ತರೂ ಆಗಿದ್ದ ಅವರು ಮುಂದೆ ಕಾದಂಬರಿಗೆ ಹೊರಳಿದರು. ಹನ್ನೆರಡನೇ ಶತಮಾನದ ಕಲ್ಯಾಣದ ಮೇಲೆ ಆರು ಕಾದಂಬರಿಗಳ ಸರಣಿಯನ್ನೇ ಬರೆದರು. ಅದರ ಕೊನೆಯ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರದೆ ಏಳುವ ಗಳಿಗೆ, ಪಾತ್ರ ಒಳಬರುವ ಠೀವಿ, ಒಂದೇ ಮಾತಿನಲ್ಲಿ ಎದುರಾಳಿಯನ್ನು ಕಟ್ಟಿಹಾಕುವ ಸಂಭಾಷಣೆ ಇವೆಲ್ಲ ಅವರಿಗೆ ರಂಗಭೂಮಿ ಕಲಿಸಿದ ವಿದ್ಯೆ.

ಆದರೆ ಅವರ ಹೆಚ್ಚು ಜನಪ್ರಿಯ ನಾಯಕಿ ಅರಮನೆಯವಳಲ್ಲ, ಜಮೀನ್ದಾರರ ಮನೆಯ ಸೊಸೆ. ‘ಅರ್ಧಾಂಗಿ’ ಕಾದಂಬರಿಯ ಎಳೆ ಸರಳ. ದೊಡ್ಡ ಮನೆತನದ ವಾರಸುದಾರ, ಓದುಬರಹವಿಲ್ಲದೆ ಬೆಳೆದ ಮುಗ್ಧ. ಮಲತಾಯಿಯೇ ಅವನಿಗೆ ದೇವರು. ಆಸ್ತಿಯ ಮೇಲೆ ಕಣ್ಣಿಟ್ಟ ಆಕೆ ಅವನನ್ನು ಬೇಕೆಂದೇ ಕತ್ತಲಲ್ಲಿ ಇಟ್ಟಿದ್ದಾಳೆ. ಆ ಮನೆಗೆ ಓದಿದ ಹೆಣ್ಣು ಸೊಸೆಯಾಗಿ ಬರುತ್ತಾಳೆ. ಸಿಟ್ಟಾಗಿ ತವರಿಗೆ ಹೋಗುವುದಿಲ್ಲ, ಕಣ್ಣೀರಿಟ್ಟು ಮೂಲೆ ಸೇರುವುದಿಲ್ಲ. ಅತ್ತೆಯ ಒಂದೊಂದು ಪಟ್ಟಿಗೂ ಮರುಪಟ್ಟು ಹಾಕುತ್ತ, ಗಂಡನಿಗೆ ಅಕ್ಷರ ಕಲಿಸುತ್ತ, ಅವನ ಕಣ್ಣು ತೆರೆಸುತ್ತ ಹೋಗುತ್ತಾಳೆ. ಇಬ್ಬರ ನಡುವಿನ ಪ್ರೀತಿ ಆ ಕಲಿಕೆಯೊಳಗೇ ಹುಟ್ಟುತ್ತದೆ.

ಪುಟ್ಟಣ್ಣ ಕಣಗಾಲ್ ಇದನ್ನು 1969ರಲ್ಲಿ ‘ಮಲ್ಲಮ್ಮನ ಪವಾಡ’ ಎಂಬ ಚಿತ್ರವಾಗಿಸಿದರು. ನಾಯಕ ರಾಜ್‌ಕುಮಾರ್, ನಾಯಕಿ ಬಿ. ಸರೋಜಾದೇವಿ. ರಾಜ್‌ಕುಮಾರ್ ಕೂಡ ಬಾಲ್ಯದಲ್ಲಿ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲೇ ಬಣ್ಣ ಹಚ್ಚಿದವರು. ಕತೆ ಕೊಟ್ಟವರು, ಕತೆಗೆ ಮುಖ ಕೊಟ್ಟವರು ಇಬ್ಬರೂ ಒಂದೇ ಡೇರೆಯಿಂದ ಬಂದವರು ಎಂಬುದು ಈ ತಾಲ್ಲೂಕಿನವರು ಎದೆಯುಬ್ಬಿಸಿ ಹೇಳಬಹುದಾದ ಮಾತು.

ಚಿತ್ರದ ಹೆಸರೇ ಒಂದು ಹಳೆಯ ನೆನಪನ್ನು ಎಬ್ಬಿಸುತ್ತದೆ. ಹೇಮರೆಡ್ಡಿ ಮಲ್ಲಮ್ಮನ ಕತೆಯಲ್ಲೂ ಗಂಡ ಭರಮರೆಡ್ಡಿ ಮುಗ್ಧ, ಅತ್ತೆಮನೆಯ ಕಾಟ ತಾಳಲಾರದ್ದು. ಆ ಶಿವಶರಣೆಯ ಕತೆಯನ್ನು ಗುಬ್ಬಿ ವೀರಣ್ಣ 1946ರಲ್ಲೇ ಸಿನಿಮಾ ಮಾಡಿದ್ದರು. ಇನ್ನೂ ಹಿಂದಕ್ಕೆ ಹೋದರೆ ಕಾಳಿದಾಸನ ಐತಿಹ್ಯವಿದೆ. ಪಂಡಿತರನ್ನೆಲ್ಲ ಸೋಲಿಸಿದ ರಾಜಕುಮಾರಿಗೆ ಮೋಸದಿಂದ ದಡ್ಡನೊಬ್ಬನನ್ನು ಕಟ್ಟುತ್ತಾರೆ. ಅವಳು ಅವನನ್ನು ಕಾಳಿಯ ಗುಡಿಗೆ ಕಳಿಸುತ್ತಾಳೆ, ಅವನು ಕವಿಯಾಗಿ ಹೊರಬರುತ್ತಾನೆ. ಆ ಐತಿಹ್ಯದಲ್ಲಿ ದೇವಿ ಮಾಡಿದ ಕೆಲಸವನ್ನು ‘ಅರ್ಧಾಂಗಿ’ಯಲ್ಲಿ ಹೆಂಡತಿಯೇ ಮಾಡುತ್ತಾಳೆ, ಸ್ಲೇಟು ಬಳಪ ಹಿಡಿದು. ಪವಾಡ ದೇವರಿಂದ ಹೆಣ್ಣಿನ ಕೈಗೆ ಬಂದದ್ದೇ ಈ ಕತೆಯ ಹೊಸತನ.

ಕನ್ನಡಕ್ಕೆ ಮಾತ್ರ ಸೇರಿದ ಎಳೆ ಇದಲ್ಲ ಎಂಬುದನ್ನೂ ಹೇಳಬೇಕು. ಬಂಗಾಳದ ಮಣಿಲಾಲ್ ಬ್ಯಾನರ್ಜಿ ಅವರ ‘ಸ್ವಯಂಸಿದ್ಧ’ ಕಾದಂಬರಿಯಲ್ಲೂ ಇಂಥದೇ ಸೊಸೆ ಇದ್ದಾಳೆ. ತೆಲುಗಿನ ‘ಅರ್ಧಾಂಗಿ’ (1955), ಹಿಂದಿಯ ‘ಬಹೂರಾಣಿ’ (1963) ಚಿತ್ರಗಳು ಆ ಮೂಲದವು. ಭಾರತದ ದೊಡ್ಡ ಮನೆಗಳಲ್ಲೆಲ್ಲ ಇಂಥ ಸೊಸೆಯನ್ನು ಜನ ಎದುರು ನೋಡುತ್ತಿದ್ದರು ಎಂದೇ ಇದರ ಅರ್ಥ.

▣ ‘ಅರ್ಧಾಂಗಿ’ಯ ಪಯಣ
ಕನ್ನಡ: ‘ಮಲ್ಲಮ್ಮನ ಪವಾಡ’ (1969). ತಮಿಳು: ಕೆ. ಭಾಗ್ಯರಾಜ್ ಅವರ ‘ಎಂಗ ಚಿನ್ನ ರಾಸಾ’ (1987). ಹಿಂದಿ: ಅನಿಲ್ ಕಪೂರ್, ಮಾಧುರಿ ದೀಕ್ಷಿತ್ ಅವರ ‘ಬೇಟಾ’ (1992). ಮರಳಿ ಕನ್ನಡಕ್ಕೆ: ರವಿಚಂದ್ರನ್, ಮಧೂ ಅವರ ‘ಅಣ್ಣಯ್ಯ’ (1993). ‘ಬೇಟಾ’, ‘ಅಣ್ಣಯ್ಯ’ ಎರಡರಲ್ಲೂ ಮಲತಾಯಿ ಅರುಣಾ ಇರಾನಿ.

ದುರ್ಗ, ಮಡಿಕೇರಿ, ಮತ್ತೆ ನಾಗತಿಯರು

ಅರಮನೆಯ ಕಾದಂಬರಿ ಎಂದೊಡನೆ ಕನ್ನಡಿಗರ ಬಾಯಿಗೆ ಬರುವ ಹೆಸರು ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಚಿತ್ರದುರ್ಗದ ಕೋಟೆಯನ್ನು ಓದುಗರ ಮನೆಯಂಗಳಕ್ಕೆ ತಂದವರು ಅವರು. ಕೊನೆಯ ದೊಡ್ಡ ಕೃತಿ ‘ದುರ್ಗಾಸ್ತಮಾನ’ 1982ರಲ್ಲಿ ಬಂತು. 1984ರಲ್ಲಿ ಅವರು ತೀರಿಕೊಂಡ ಮೇಲೆ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು.

1754ರಲ್ಲಿ ಪಟ್ಟಕ್ಕೆ ಬಂದು 1779ರಲ್ಲಿ ಹೈದರನಿಗೆ ಸೋತ ಮದಕರಿ ನಾಯಕನ ಕತೆ ಅದು. ಓದುಗರು ನಾಯಕನಿಗೆ ಮರುಗುತ್ತಾರೆ, ಸರಿ. ಆದರೆ ಆ ಪುಸ್ತಕದ ಬುದ್ಧಿಯ ಬೆಳಕು ಹೆಚ್ಚಾಗಿ ಬೀಳುವುದು ರಾಜಮಾತೆ ಓಬವ್ವ ನಾಗತಿಯ ಮೇಲೆ. ವಾರಸುದಾರನಿಲ್ಲದ ದುರ್ಗಕ್ಕೆ ಎಳೆಯ ಹುಡುಗನೊಬ್ಬನನ್ನು ಆರಿಸಿ ತಂದು, ಬೆನ್ನ ಹಿಂದೆ ನಿಂತು ಅರಸನಾಗಿ ರೂಪಿಸುವವಳು ಆಕೆ. ನಾಯಕನ ಮಡದಿಯರಾದ ಬಂಗಾರವ್ವ, ಪದ್ಮವ್ವರ ಒಲವಿಗೆ ತ.ರಾ.ಸು. ಯುದ್ಧಗಳ ನಡುವೆಯೂ ಪುಟಗಳನ್ನು ಮೀಸಲಿಟ್ಟರು. ಆಯಾಸಗೊಂಡ ಗಂಡಸು ಕತ್ತಿ ಕಳಚಿಟ್ಟು ಮಾತಾಡುವ ಸನ್ನಿವೇಶಗಳಲ್ಲಿ ಅವರ ಗದ್ಯ ತುಂಬ ಮೃದುವಾಗುತ್ತದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಓದುವವರಿಗೆ ಸುಖದ ಪ್ರೇಮ ಸಿಗುವುದಿಲ್ಲ. 1834ರಲ್ಲಿ ಕೊಡಗನ್ನು ಕಳೆದುಕೊಂಡ ಅರಸನ ದುರಂತ ಅದು. ಆದರೂ ರಾಣಿ ಗೌರಮ್ಮನನ್ನು ಮರೆಯಲಾಗದು. ಗಂಡ ಹಾಳಾಗುತ್ತಿರುವುದು ಕಣ್ಣೆದುರಿಗೇ ಕಾಣುತ್ತಿದ್ದರೂ ಅವನ ಮಾನ, ಮಗಳ ಬದುಕು, ನಾಡಿನ ಹಿತ ಮೂರನ್ನೂ ಒಟ್ಟಿಗೆ ಕಾಯಲು ಹೆಣಗುವ ಆಕೆಯ ತಾಳ್ಮೆಯೂ ಒಂದು ಬಗೆಯ ಪ್ರೇಮವೇ.

ಮದುವೆಯ ನಂತರದ ಒಲವು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೇಯರ್ ಅವರ ‘ಎ ಸಿವಿಲ್ ಕಾಂಟ್ರ್ಯಾಕ್ಟ್’ (1961) ಕಾದಂಬರಿಯಲ್ಲಿ, ಸಾಲದಲ್ಲಿ ಮುಳುಗಿದ ಯುವ ವೈಕೌಂಟ್ ಆಸ್ತಿ ಉಳಿಸಿಕೊಳ್ಳಲು ಶ್ರೀಮಂತ ವರ್ತಕನ ಮಗಳನ್ನು ಮದುವೆಯಾಗುತ್ತಾನೆ. ರೂಪವತಿಯಲ್ಲದ, ಮನೆವಾರ್ತೆಯಲ್ಲಿ ಗಟ್ಟಿಗಿತ್ತಿಯಾದ ಜೆನ್ನಿ ಅವನ ಬದುಕಿಗೆ ಅನಿವಾರ್ಯಳಾಗುತ್ತಾಳೆ. ಕನ್ನಡದ ಓದುಗರಿಗೆ ಹೇಯರ್ ಅವರ ಬಾಲ್‌ರೂಮುಗಳಿಗಿಂತ ಈ ಪುಸ್ತಕ ಬೇಗ ಹತ್ತಿರವಾದೀತು.

▣ ಜಾತ್ರೆಯಲ್ಲಿ ಕಂಡ ಹುಡುಗಿ
ವರ್ತಕನ ಮಗಳು ಅರಸಿಯಾದ ಕತೆ ನಮ್ಮ ಚರಿತ್ರೆಯಲ್ಲೇ ಇದೆ. ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು ಚೆನ್ನಮ್ಮನನ್ನು ಕೆಳದಿಯ ಸೋಮಶೇಖರ ನಾಯಕ ಜಾತ್ರೆಯಲ್ಲಿ ಕಂಡು, ಮನಸೋತು, 1667ರಲ್ಲಿ ಮದುವೆಯಾದನೆಂದು ಕತೆ. ಮುಂದೆ ಅವನು ಕಲಾವತಿ ಎಂಬ ನರ್ತಕಿಯ ಮನೆಯ ಪಾಲಾದಾಗ ರಾಜ್ಯ ಹೊತ್ತವಳು ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳು.

ಹೆಗಲ ಮೇಲೆ ಬಂದ ಪುಸ್ತಕ

ಈ ಪ್ರಕಾರಕ್ಕೆ ಕನ್ನಡದಲ್ಲಿ ಬೇರು ಹಳೆಯದು. ಹನ್ನೆರಡನೇ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ರಾಜಕುಮಾರ, ರಾಜಕುಮಾರಿ ಮೊದಲು ಕಾಣುವುದು ಕನಸಿನಲ್ಲಿ. ಭೇಟಿಗೆ ಓದುಗ ಬಹಳ ಕಾಯಬೇಕು. ಹೊಸಗನ್ನಡಕ್ಕೆ ಬಂದರೆ ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಂಥ ಕೃತಿಗಳನ್ನು ಬಂಗಾಳಿಯಿಂದ ತಂದು ಹಳೆಯ ಮೈಸೂರಿಗೆ ಕಾದಂಬರಿ ಹುಚ್ಚು ಹಿಡಿಸಿದರು. ಉತ್ತರದಲ್ಲಿ ಗಳಗನಾಥರು (1869–1942) ‘ಮಾಧವ ಕರುಣಾವಿಲಾಸ’ದಂಥ ಚಾರಿತ್ರಿಕ ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಜಾಣೆಯರನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು. ಓದಿ, ಹಂಚಿಕೊಂಡು, ಮಗಳಿಗೆ ಆ ಹೆಸರಿಟ್ಟು ಉಳಿಸಿದವರಲ್ಲಿ ಹೆಂಗಸರೇ ಬಹಳ. ಶಾಂತಲೆಯ ಎದುರುತ್ತರವನ್ನು ಒಬ್ಬ ಹೆಣ್ಣು ಬರೆದಿದ್ದರೆ ಹೇಗಿರುತ್ತಿತ್ತು ಎಂಬ ಕುತೂಹಲ ಓದುವವರಲ್ಲಿ ಉಳಿಯುತ್ತದೆ. ಆ ಅವಕಾಶ ಈಗ ತೆರೆದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಪ್ರತಿಲಿಪಿ’ಯಂಥ ತಾಣಗಳಲ್ಲಿ ಗೃಹಿಣಿಯರು, ವಿದ್ಯಾರ್ಥಿನಿಯರು ಕಂತು ಕಂತಾಗಿ ಕತೆ ಬರೆಯುತ್ತಿದ್ದಾರೆ. ಒಲ್ಲದ ಮದುವೆಯಿಂದ ಶುರುವಾಗಿ ಒಲಿಯುವ ಜೋಡಿಗಳ ಕತೆಗಳಿಗೆ ಅಲ್ಲಿಯೂ ಓದುಗರಿದ್ದಾರೆ.

ಅಂಥವರಿಗೆ ಚೇಳೂರಿನ ಪಕ್ಕದಲ್ಲೇ ಸಾಮಗ್ರಿ ಇದೆ. ಗುಬ್ಬಿ ತಾಲ್ಲೂಕಿನದೇ ಇನ್ನೊಂದು ಹೋಬಳಿಯ ಊರು ಹಾಗಲವಾಡಿ ಒಂದು ಕಾಲದಲ್ಲಿ ಪಾಳೆಯಗಾರರ ರಾಜಧಾನಿ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದು ಆ ಮನೆತನದ ಚಿಕ್ಕನಾಯಕನಿಂದ. ವಿಜಯನಗರ, ಬಿಜಾಪುರ, ಮೈಸೂರು ಎಂಬ ದೊಡ್ಡವರ ನಡುವೆ ಬದುಕಿ ಉಳಿಯಲು ಇಂಥ ಸಣ್ಣ ಅರಸರಿಗೆ ಕತ್ತಿಗಿಂತ ಸಂಬಂಧಗಳೇ ಹೆಚ್ಚು ಕೆಲಸಕ್ಕೆ ಬರುತ್ತಿದ್ದವು. ಒಂದು ಪಾಳೆಯಪಟ್ಟಿನಿಂದ ಇನ್ನೊಂದಕ್ಕೆ ಮದುವೆಯಾಗಿ ಬಂದ ಹೆಣ್ಣು ಮಗಳೂ ಹೌದು, ಒತ್ತೆಯೂ ಹೌದು, ರಾಯಭಾರಿಯೂ ಹೌದು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಅಧ್ಯಾಯ ಬೇಕೆ?

ಹುಡುಕುವವರಿಗೆ ದಾರಿಗಳೂ ಇವೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದು. ಎಂ.ಎಂ. ಕಲಬುರ್ಗಿ ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟದಲ್ಲಿ ಊರೂರಿನ ಪಾಳೆಯಗಾರರ ಹಳೆಯ ವೃತ್ತಾಂತಗಳಿವೆ. ನಾಯಕರ ಹೆಸರುಗಳು ಅವುಗಳಲ್ಲಿ ಸಾಲುಸಾಲಾಗಿ ಸಿಗುತ್ತವೆ. ಅವರ ಮಡದಿಯರಾದ ನಾಗತಿಯರ ಹೆಸರು ಹುಡುಕಿ ತೆಗೆದು, ಅವರ ಬಾಯಿಗೆ ಮಾತು ಕೊಡುವ ಕೆಲಸ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಇಂದು ಮೊಬೈಲಿನಲ್ಲಿ ಮೊದಲ ಕಂತು ಬರೆಯುತ್ತಿರುವ ಹುಡುಗಿಯದು.